ದೋಣಿಗೆ ಬಾಲ ಕಟ್ಟಿದ್ದು

ಕೆಲವರು ಕೈ ಹಾಕಿದ ಕೆಲಸ ಸದ್ದಿಲ್ಲದೆ ಮುಗಿದುಹೋಗುತ್ತದೆ. ಅವರು ಗೋಡೆಗೆ ಮೊಳೆ ಹೊಡೆದರೆ ಮೊಳೆ ಗೋಡೆಯೊಳಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ನಾನು ಹೊಡೆದರೆ ಗೋಡೆಯ ಆಚೆ ಬದಿಯ ಕ್ಯಾಲೆಂಡರ್ ಬೀಳುತ್ತದೆ, ಅದನ್ನು ಎತ್ತಲು ಬಗ್ಗಿದವರ ತಲೆಗೆ ಕಪಾಟಿನ ಬಾಗಿಲು ತಾಗುತ್ತದೆ, ಆಮೇಲೆ ಒಂದು ವಾರ ಬೀದಿಯಲ್ಲೆಲ್ಲ ಅದೇ ಮಾತು. ಇಂಥವು ನನಗೆ ಆಗುತ್ತಲೇ ಇರುತ್ತವೆ, ಕರೆಯಬೇಕೆಂದೇನೂ ಇಲ್ಲ. ಆದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಹಲಗೆ ತುಂಡಿನಿಂದ ಇಷ್ಟೆಲ್ಲ ಆದದ್ದು ಇದೇ ಮೊದಲು.

ನಾನು ಸಾಗರದ ಒಬ್ಬ ಲೈಸೆನ್ಸ್ ಸರ್ವೆಯರ್. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜನರ ಜಾಗ ಅಳೆದು, ಗೆರೆ ಎಳೆದು, ಇಲ್ಲಿಂದ ಈಚೆ ನಿಮ್ಮದು, ಆಚೆ ಅವರದು ಎಂದು ಹೇಳುವುದು ನನ್ನ ಹೊಟ್ಟೆಪಾಡು. ಒಂದು ಸಲ ಘಟ್ಟ ಇಳಿದು ಕರಾವಳಿಗೆ ಹೋಗಿದ್ದಾಗ ಸಮುದ್ರದಲ್ಲಿ ಇಬ್ಬರು ಕಯಾಕ್ ಎಂಬ ದೋಣಿಯಲ್ಲಿ ಹೋಗುವುದನ್ನು ಕಂಡೆ. ಉದ್ದ, ಸಪೂರ, ಎರಡೂ ತುದಿ ಚೂಪು, ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಕೂರುವಷ್ಟು ತೂತು. ಹಾವು ಈಜಿದ ಹಾಗೆ ಹೋಗುತ್ತಿತ್ತು. ಅವತ್ತೇ ತಲೆ ಕೆಟ್ಟಿತು. ನಕ್ಷೆ ತರಿಸಿಕೊಂಡೆ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಕಾರ್ ಶೆಡ್ಡಿನಲ್ಲಿ ಪ್ಲೈವುಡ್ ಪಟ್ಟಿಗಳನ್ನು ತಾಮ್ರದ ತಂತಿಯಿಂದ ಹೊಲಿದು, ಅಂಟು ಬಳಿದು, ಹದಿನೇಳು ಅಡಿ ಉದ್ದದ ಒಂದು ಸಮುದ್ರದ ಕಯಾಕ್ ಮಾಡಿದೆ. ಮುಂದಿನ ತುದಿಯಲ್ಲಿ ನೀಲಿ ಬಣ್ಣದಲ್ಲಿ ‘ಮಿಂಚುಳ್ಳಿ’ ಎಂದು ಹೆಸರನ್ನೂ ಬರೆದೆ.

ನನ್ನ ಹೆಂಡತಿ ಪ್ರೈಮರಿ ಶಾಲೆಯಲ್ಲಿ ಟೀಚರ್. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆದು ಅಭ್ಯಾಸ. ಎರಡು ವರ್ಷ ಹೊರಗೆ ಬಿಸಿಲು ಮಳೆಯಲ್ಲಿ ನಿಂತ ಕಾರನ್ನು ಒಮ್ಮೆ, ಶೆಡ್ಡಿನಲ್ಲಿ ಬೆಚ್ಚಗೆ ಮಲಗಿದ ದೋಣಿಯನ್ನು ಒಮ್ಮೆ ನೋಡಿ ಅವಳು ಕೇಳಿದ್ದು ಇಷ್ಟೇ: “ಊರಿನ ಹೆಸರು ಸಾಗರ ಅಂತ ಬೋರ್ಡಲ್ಲಿ ಇದ್ದಿದ್ದನ್ನ ನೀವು ನಂಬ್ಕೊಂಡ್ರಾ?”

೧. ಊಟಕ್ಕೆ ಬರ್ತೀನಿ ಅಂದದ್ದು

ಸಮುದ್ರ ಇಲ್ಲದಿದ್ದರೇನಂತೆ, ನಮಗೆ ಲಿಂಗನಮಕ್ಕಿಯ ಹಿನ್ನೀರಿದೆ. ಈಚೆ ದಡ ಸಾಗರ ತಾಲ್ಲೂಕು, ಆಚೆ ದಡ ಹೊಸನಗರ ತಾಲ್ಲೂಕು. ಆಚೆ ದಡದಲ್ಲೇ ಹೆಂಡತಿಯ ಅಣ್ಣನ ಮನೆ. ದೋಣಿಯ ಮೊದಲ ಪ್ರಯಾಣ ಅಲ್ಲಿಗೇ ಎಂದು ನಿಶ್ಚಯಿಸಿ ಫೋನ್ ಮಾಡಿದೆ.

“ಭಾವ, ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ತೀನಿ.”

“ಬನ್ನಿ ಬನ್ನಿ. ಎಷ್ಟು ಗಂಟೆ ಲಾಂಚಿಗೆ?”

“ಲಾಂಚಲ್ಲ ಭಾವ. ನಾನೇ ಮಾಡಿದ ದೋಣೀಲಿ.”

“ಹಂಗಾದ್ರೆ ನಿಮ್ಮ ಲೆಕ್ಕದ ಅಕ್ಕಿ ಹಾಕ್ಲಾ, ಬೇಡ್ವಾ?” ಎಂದರು.

ಭಾನುವಾರ ಬೆಳಿಗ್ಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ನೀರಿಗಿಳಿದೆ. ಹೆಂಡತಿ ದಡದಲ್ಲಿ ಕೊಡೆ ಬಿಡಿಸಿ ಕೂತಳು. ನಾನು ಕಣ್ಮರೆಯಾದ ಮೇಲೆ ಮನೆಗೆ ಹೋಗುವುದು ಎಂದು ಮಾತಾಗಿತ್ತು. ಮೊದಲ ಹತ್ತು ನಿಮಿಷ ದೋಣಿ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಆಮೇಲೆ ಬಲಗಡೆಯಿಂದ ಸಣ್ಣಗೆ ಗಾಳಿ ಎದ್ದಿತು. ದೋಣಿ ಯಾರೋ ಹೆಸರು ಹಿಡಿದು ಕರೆದ ಹಾಗೆ ಮೂತಿಯನ್ನು ಬಲಕ್ಕೆ ತಿರುಗಿಸಿತು. ಬಲಗಡೆ ಹತ್ತು ಸಲ ಹುಟ್ಟು ಹಾಕಿ ನೇರ ಮಾಡಿದೆ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮತ್ತೆ ಬಲಕ್ಕೆ. ನಾನು ಭಾವನ ಮನೆ ಕಡೆಗೆ ಎಳೆಯುವುದು, ಅದು ಗಾಳಿ ಕಡೆಗೆ ಎಳೆಯುವುದು, ಹೀಗೆ ಒಂದೂವರೆ ಗಂಟೆ ನಡೆಯಿತು. ಬಲಗೈ ನನ್ನದೋ ಬೇರೆಯವರದೋ ತಿಳಿಯದಂತಾಯಿತು. ಕನ್ನಡಕದ ಮೇಲೆ ನೀರು ಹಾರಿ ಲೋಕವೆಲ್ಲ ಮಸುಕು.

ಕೊನೆಗೂ ದೋಣಿಯ ಅಡಿ ಮಣ್ಣಿಗೆ ತಾಗಿತು. ದಡ! ಗೆದ್ದೆ ಎಂದುಕೊಂಡು ಹುಟ್ಟನ್ನು ಮೇಲೆತ್ತಿ ಹಿಡಿದೆ. ಮಸುಕಿನಲ್ಲಿ ಯಾರೋ ಹೆಂಗಸು ಕೊಡೆ ಹಿಡಿದು ಕೂತದ್ದು ಕಂಡಿತು. “ಅಮ್ಮಾ, ನಮ್ಮ ಭಾವನ ಮನೆ ಎಲ್ಲಾಯ್ತು?” ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

“ಭಾವನ ಮನೆ ಆಚೆ ದಡದಲ್ಲಿ. ನಾನು ನಿಮ್ಮ ಹೆಂಡ್ತಿ.”

೨. ಎಂಥದು ಅದು?

ಪುಸ್ತಕ, ವಿಡಿಯೋ ಎಲ್ಲ ತಡಕಾಡಿದ ಮೇಲೆ ರೋಗ ಗೊತ್ತಾಯಿತು. ಇಂಥ ದೋಣಿಯ ಹಿಂಭಾಗ ಗಾಳಿಗೆ ಅಡ್ಡಡ್ಡ ಜಾರುತ್ತದೆ, ಅದಕ್ಕೇ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ಮದ್ದು ಏನೆಂದರೆ ದೋಣಿಯ ಹಿಂದಿನ ತುದಿಯಲ್ಲಿ, ಅಡಿಗೆ, ಮೀನಿನ ರೆಕ್ಕೆಯಂಥ ಒಂದು ಸಣ್ಣ ಹಲಗೆ. ಬೇಕಾದಾಗ ನೀರಿಗೆ ಇಳಿಸಬೇಕು, ಬೇಡವಾದಾಗ ದೋಣಿಯೊಳಗಿನ ಗೂಡಿಗೆ ಎಳೆದುಕೊಳ್ಳಬೇಕು. ಅದರ ಹೆಸರು ಸ್ಕೆಗ್.

ನಮ್ಮ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿದೆ. ಅದರ ಮಾಲೀಕರ ಬಾಯಲ್ಲಿ ‘ಇಲ್ಲ’ ಎಂಬ ಮಾತೇ ಬರುವುದಿಲ್ಲ.

“ಸ್ಕೆಗ್ ಇದೆಯಾ?” ಎಂದೆ.

“ಎಷ್ಟು ಇಂಚಿಂದು?” ಎಂದು ಏಣಿ ಹತ್ತಿದವರು ಮೂರು ಡಬ್ಬ ಇಳಿಸಿದರು. ಒಂದರಲ್ಲಿ ಕೊಂಡಿ, ಒಂದರಲ್ಲಿ ಬುಷ್, ಇನ್ನೊಂದರಲ್ಲಿ ಏನಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ನನ್ನ ಹಿಂದೆ ನಿಂತಿದ್ದ ಗಿರಾಕಿಯೊಬ್ಬರು, “ಎಗ್ ಆದ್ರೆ ಎದುರು ಅಂಗಡೀಲಿ ಸಿಗತ್ತೆ ಸಾರ್,” ಎಂದು ಸಹಾಯ ಮಾಡಿದರು.

ಕಡೆಗೆ ಬಿಡಿಸಿ ಹೇಳಿದೆ. “ದೋಣಿ ಹಿಂದೆ ಹಾಕೋದು. ಅದು ಇದ್ರೆ ದೋಣಿ ನೆಟ್ಟಗೆ ಹೋಗತ್ತೆ.”

ಮಾಲೀಕರು ಏಣಿಯ ಮೇಲಿಂದಲೇ ನನ್ನನ್ನು ಕನಿಕರದಿಂದ ನೋಡಿದರು. “ಅಂದ್ರೆ ಈಗಿರೋ ದೋಣಿ ನೆಟ್ಟಗೆ ಹೋಗಲ್ವಾ?”

“ಇಲ್ಲ.”

“ನಿಮಗೆ ಸರಿಯಾಗಿ ಟೋಪಿ ಹಾಕಿದಾರೆ ಸಾರ್. ಯಾರು ಅದನ್ನ ಮಾಡಿದ್ದು?”

ಅಂಗಡಿಯಲ್ಲಿ ಐದಾರು ಜನ ಇದ್ದರು. ನಾನು ಅಂತ ಹೇಳಲು ಬಾಯಿ ಬರಲಿಲ್ಲ. “ಯಾರೋ ಒಬ್ಬ, ಇಲ್ಲೇ ಪರಿಚಯದವನು,” ಎಂದೆ.

“ನೀವು ಒಳ್ಳೆಯವರು, ಅದಕ್ಕೇ ಹೀಗಾಗೋದು,” ಎಂದು ಅವರು ಒಂದೊಂದೇ ಮೆಟ್ಟಿಲು ಇಳಿದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ಅವನನ್ನ ಮನೆಯೊಳಗೆ ಸೇರಿಸ್ಬೇಡಿ.”

೩. ಎರಡೂ ಬದಿ

ಅಂಗಡಿಯಲ್ಲಿ ಸಿಗದಿದ್ದರೆ ಮಾಡಿಸಬೇಕು. ಸಾಗರದಲ್ಲಿ ಮರ ಕೆತ್ತುವವರಿಗೆ ಬರವೇ? ಗಂಧದಲ್ಲಿ ಗಣಪತಿ, ಶಿವನಿ ಮರದಲ್ಲಿ ಆನೆ, ಮಂಟಪ ಎಲ್ಲ ಕೆತ್ತುವ ಒಬ್ಬರು ನನಗೆ ಪರಿಚಯ. ಅವರ ಜಾಗದ ಗಡಿ ಕಲ್ಲನ್ನು ನಾನೇ ಹುಡುಕಿ ಕೊಟ್ಟಿದ್ದೆ. ರಟ್ಟಿನಲ್ಲಿ ಸ್ಕೆಗ್ಗಿನ ಆಕಾರ ಕತ್ತರಿಸಿಕೊಂಡು ಅವರಲ್ಲಿಗೆ ಹೋದೆ.

“ಈ ಆಕಾರದಲ್ಲಿ ಒಂದು ಹಲಗೆ ಬೇಕಿತ್ತು. ಗಟ್ಟಿ ಮರದ್ದು.”

ಅವರು ರಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಎಲ್ಲಿಗೆ ಇದು?”

“ದೋಣಿ ಅಡಿಗೆ. ನೀರೊಳಗಿರತ್ತೆ.”

“ಒಂದೇ ಬದಿ ಕಾಣೋದಾ, ಎರಡೂ ಬದೀನಾ?”

“ನೀರಲ್ಲಿ ಎಂಥ ಬದಿ ಮಾರಾಯ್ರೆ, ಎರಡೂ ಅಂತ ಇಟ್ಕೊಳ್ಳಿ,” ಎಂದೆ. ಈ ಒಂದು ಮಾತು ಆಡಬಾರದಿತ್ತು.

ವಾರ ಕಳೆದರೂ ಸುದ್ದಿಯಿಲ್ಲ. ಎರಡು ವಾರ, ಮೂರು ವಾರ. ಅಂಗೈಯಗಲದ ಹಲಗೆಗೆ ಇಷ್ಟು ದಿನವೇ ಎಂದು ಕೇಳಲು ಹೋದರೆ ಅವರು ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ತಂದು, ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು. ಬಿಚ್ಚಿದೆ. ಸ್ಕೆಗ್ಗಿನ ಅಂಚಿನ ಉದ್ದಕ್ಕೂ ಮುತ್ತಿನ ಸಾಲು. ಅದರೊಳಗೆ ಬಳ್ಳಿ. ಬಳ್ಳಿಯ ನಡುವೆ ಎರಡು ಹಂಸ, ಒಂದರ ಕೊಕ್ಕಿನಲ್ಲಿ ತಾವರೆಯ ದಂಟು. ತಿರುಗಿಸಿದೆ. ಆ ಬದಿಯಲ್ಲೂ ಹಂಸ, ಆದರೆ ಅವು ಬೇರೆ ಹಂಸಗಳು, ಒಂದಕ್ಕೊಂದು ಬೆನ್ನು ಹಾಕಿ ಮುನಿಸಿಕೊಂಡಿದ್ದವು.

ಇಷ್ಟು ಚಂದದ ವಸ್ತುವನ್ನು ನಾನು ಕೆಸರು ನೀರಿನಲ್ಲಿ ಮುಳುಗಿಸಿ, ಕಲ್ಲಿಗೆ ಉಜ್ಜಿ, ಹಾಳು ಮಾಡುವುದಾದರೂ ಹೇಗೆ? “ಅಲ್ಲ ಮಾರಾಯ್ರೆ, ಇದು ನೀರಿನ ಅಡಿಗೆ ಇರೋದು ಅಂದಿದ್ದೆ. ಅಲ್ಲಿ ಯಾರು ನೋಡ್ತಾರೆ?”

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ಯಾಕೆ ಸಾರ್,” ಎಂದರು, “ಮೀನಿಗೆ ಕಣ್ಣಿಲ್ವಾ?”

೪. ಹಿಂದು ಮುಂದು

ಹಂಸಗಳು ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ನೆಲೆಸಿದವು. ದೋಣಿಗೆ ಉಳಿದ ಪ್ಲೈವುಡ್ಡಿನಲ್ಲಿ ನಾನೇ ಒಂದು ಬೋಳು ಸ್ಕೆಗ್ ಮಾಡಿಕೊಂಡೆ. ಇನ್ನು ಅದು ಕೂರಲು ದೋಣಿಯ ಅಡಿಯಲ್ಲಿ ಒಂದು ಉದ್ದ ಸೀಳು ಕೊಯ್ಯಬೇಕು. ಎರಡು ವರ್ಷ ಒಂದು ಹನಿ ನೀರು ಒಳಗೆ ಬರಬಾರದೆಂದು ಒದ್ದಾಡಿದವನು ಈಗ ತಾನಾಗಿಯೇ ತೂತು ಮಾಡಬೇಕು. ಧೈರ್ಯಕ್ಕೆ ಪಕ್ಕದ ಮನೆಯ ನಿವೃತ್ತ ಪಿ.ಟಿ. ಮೇಷ್ಟ್ರನ್ನು ಕರೆದೆ.

ಇಬ್ಬರೂ ಸೇರಿ ದೋಣಿಯನ್ನು ಎರಡು ಸ್ಟೂಲಿನ ಮೇಲೆ ಬೋರಲು ಮಲಗಿಸಿದೆವು. ಶೆಡ್ಡಿನ ಒಳ ಮೂಲೆಯಲ್ಲಿ ಕತ್ತಲೆಂದು ಮೇಷ್ಟ್ರು, “ತಿರುಗಿಸಿ ಬಾಗಿಲ ಕಡೆ ಹಾಕೋಣ,” ಎಂದರು. ತಿರುಗಿಸಿದೆವು. ಬೆಳಕು ಸಾಲದೆಂದು ಹೊರಗೆ ತಂದೆವು. ಹೊರಗೆ ಬಿಸಿಲೆಂದು ಮತ್ತೆ ಒಳಗೆ ಹಾಕಿದೆವು. ನಡುವೆ ಚಹಾ ಬಂತು, ಕುಡಿದೆವು.

ಆಮೇಲೆ ನನ್ನ ಕಸುಬಿನ ಕೈಚಳಕ ತೋರಿಸಿದೆ. ದಾರ ಎಳೆದು ನಡುಗೆರೆ ಹಿಡಿದೆ. ಮೂರು ಸಲ ಅಳೆದೆ. ಒಂದು ನೂಲಿನಷ್ಟೂ ಆಚೀಚೆ ಇಲ್ಲ. ಮೇಷ್ಟ್ರು ತಲೆದೂಗಿ, “ಸರ್ವೆಯರ್ ಅಂದ್ರೆ ಸರ್ವೆಯರ್ರೇ,” ಎಂದರು. ಗರಗಸದ ಯಂತ್ರ ಹಚ್ಚಿ ಕೊಯ್ದೆ. ಸೀಳು ಗೆರೆ ಹಾಕಿದಂತೆ ಬಂತು. ನನ್ನ ಸ್ಕೆಗ್ಗು ಅದರಲ್ಲಿ ಜೇಬಿಗೆ ಪೆನ್ನು ಇಳಿದಂತೆ ಇಳಿಯಿತು.

ಲೋಟ ಒಯ್ಯಲು ಬಂದ ಹೆಂಡತಿ ಸುತ್ತ ಒಂದು ಸಲ ನಡೆದು ನೋಡಿದಳು. “ಚೆನ್ನಾಗಿ ಕೊಯ್ದಿದೀರಿ. ಇದು ದೋಣಿ ಹಿಂದಾ, ಮುಂದಾ?”

“ಹಿಂದು. ಸ್ಕೆಗ್ ಹಿಂದೇ ಇರೋದು.”

“ಮತ್ತೆ ನೀವು ಹೆಸರು ಬರೆದಿದ್ದು ಮುಂದೆ ಅಲ್ವಾ?”

ನಾನು ನೆಲಕ್ಕೆ ಮಂಡಿಯೂರಿ, ಬೋರಲು ದೋಣಿಯ ಅಡಿಗೆ ತಲೆ ತೂರಿಸಿ ನೋಡಿದೆ. ಕೊಯ್ದ ಜಾಗದ ಸರಿಯಾಗಿ ಕೆಳಗೆ, ತಲೆಕೆಳಗಾಗಿ, ನೀಲಿ ಬಣ್ಣದ ‘ಮಿಂಚುಳ್ಳಿ’ ನನ್ನನ್ನೇ ನೋಡುತ್ತಿತ್ತು.

ಮೇಷ್ಟ್ರು ಒಳ್ಳೆಯ ಮನುಷ್ಯ, ಸಮಾಧಾನ ಹೇಳಿದರು. “ಅದಕ್ಕೇನಾಯ್ತು? ಹೆಸರು ಆಚೆ ತುದಿಗೆ ಬರ್ಕೊಂಡು, ನೀವು ತೂತಲ್ಲಿ ತಿರುಗಿ ಕೂತ್ರೆ ಆಯ್ತಲ್ಲ?”

ಆ ಸೀಳಿಗೆ ತೇಪೆ ಹಾಕಿ, ಒಣಗಿಸಿ, ನಿಜವಾದ ಹಿಂಬದಿಯಲ್ಲಿ ಇನ್ನೊಂದು ಸೀಳು ಕೊಯ್ಯಲು ಎರಡು ಭಾನುವಾರ ಹಿಡಿಯಿತು. ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಹೊಸನಗರ ತಲುಪಿತ್ತು. ಹೋದ ವರ್ಷ ನಾನು ಜಾಗ ಅಳೆದು ಕೊಟ್ಟಿದ್ದ ರೈತರೊಬ್ಬರು ಫೋನ್ ಮಾಡಿ ಆರೋಗ್ಯ, ಮಳೆ, ಬೆಳೆ ಎಲ್ಲ ವಿಚಾರಿಸಿಕೊಂಡು, ಕಡೆಗೆ ಬಹಳ ಸಂಕೋಚದಿಂದ ಕೇಳಿದರು: “ಸಾರ್, ತಪ್ಪು ತಿಳೀಬೇಡಿ. ನಮ್ಮ ಜಾಗ ಅಳೆಯುವಾಗ ಪೂರ್ವ ಪಶ್ಚಿಮ ಸರಿಯಾಗಿ ನೋಡ್ಕೊಂಡಿದ್ರಿ ಅಲ್ವಾ?”

೫. ಲೋಟ

ಇದು ಸಣ್ಣ ಸಂಗತಿ. ಸ್ಕೆಗ್ಗಿನ ಗೂಡನ್ನು ದೋಣಿಯೊಳಗೆ ಕೂರಿಸಲು ಎಪಾಕ್ಸಿ ಎಂಬ ಅಂಟು ಬೇಕು. ಎರಡು ದ್ರವ ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ ಎಂದು ಡಬ್ಬದ ಮೇಲೆ ಬರೆದಿತ್ತು. ಅದು ಅವಸರ ಇಲ್ಲದವರಿಗೆ ಎಂದುಕೊಂಡು ನಾನು ಅಡುಗೆಮನೆಯ ದೊಡ್ಡ ಸ್ಟೀಲ್ ಲೋಟದ ತುಂಬ ಒಂದೇ ಸಲ ಬೆರೆಸಿದೆ. ಐದು ನಿಮಿಷಕ್ಕೆ ಲೋಟ ಬಿಸಿಯಾಯಿತು. ಎಂಟು ನಿಮಿಷಕ್ಕೆ ಹೊಗೆ ಎದ್ದಿತು. ಲೋಟವನ್ನು ಇಕ್ಕಳದಲ್ಲಿ ಹಿಡಿದು ನಾನು ಅಂಗಳದ ತುಂಬ ಓಡಾಡಿದೆ. ಬೀದಿಯಲ್ಲಿ ಹೋಗುತ್ತಿದ್ದವರು ಧೂಪ ಹಾಕುತ್ತಿದ್ದಾನೆ ಎಂದುಕೊಂಡು ಕೈ ಮುಗಿದರು. ಹೊಗೆ ನಿಂತಾಗ ಲೋಟ, ಅಂಟು, ಅದರೊಳಗಿದ್ದ ಸೌಟು ಮೂರೂ ಸೇರಿ ಒಂದೇ ವಸ್ತುವಾಗಿತ್ತು.

ಅದು ಈಗಲೂ ಇದೆ. ಹಿತ್ತಿಲ ಬಾಗಿಲು ಪಟಪಟ ಹೊಡೆದುಕೊಳ್ಳದಂತೆ ಅಡ್ಡ ಇಟ್ಟಿದ್ದೇವೆ. ಬಂದವರಿಗೆ ಹೆಂಡತಿ ತೋರಿಸಿ ಹೇಳುತ್ತಾಳೆ, “ಇವರು ಮಾಡಿದ್ರಲ್ಲಿ ಗಾಳಿಗೆ ಜಗ್ಗದೆ ನಿಂತಿರೋದು ಇದೊಂದೇ.”

೬. ಬ್ರೇಕು

ಸ್ಕೆಗ್ಗನ್ನು ಕೂತಲ್ಲಿಂದಲೇ ಏರಿಸಿ ಇಳಿಸಲು ಒಂದು ತಂತಿ, ಒಂದು ಹಿಡಿಕೆ ಬೇಕು. ಸೈಕಲ್ಲಿನ ಬ್ರೇಕ್ ವಯರ್ ಇದಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಹೊಳೆಯಿತು. ಕೆಲಸದ ಮೇಲೆ ಹೊಸನಗರಕ್ಕೆ ಹೋಗಿದ್ದಾಗ ಒಂದು ಸೈಕಲ್ ಶಾಪಿಗೆ ಹೊಕ್ಕೆ.

“ಬ್ರೇಕ್ ವಯರ್ ಬೇಕಿತ್ತು. ಎಂಟಡಿ.”

ಶಾಪಿನವರು ಟ್ಯೂಬಿನಿಂದ ತಲೆಯೆತ್ತಿದರು. “ಎಂಟಡಿ? ಎಷ್ಟು ಜನ ಕೂರೋ ಸೈಕಲ್ ಸಾರ್ ಅದು?”

“ಸೈಕಲ್ ಅಲ್ಲ, ದೋಣಿ.”

“ದೋಣಿಗೆ ಬ್ರೇಕಾ!”

ಬ್ರೇಕ್ ಅಲ್ಲ, ದೋಣಿಯ ಅಡಿಗೊಂದು ರೆಕ್ಕೆಯಿದೆ, ಗಾಳಿ ಬಂದಾಗ ಹೀಗಾಗುತ್ತದೆ, ಆಗ ಹಾಗೆ ಇಳಿಸಬೇಕು ಎಂದು ನಾನು ಕೈ ಬಾಯಿ ಆಡಿಸಿ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ವಯರು ಅಳೆಯುತ್ತಾ ಒಳಗಿದ್ದವರಿಗೆ, “ದೋಣಿಗೆ ಬ್ರೇಕ್ ಹಾಕಿಸ್ತಾರಂತೆ,” ಎಂದರು.

ಪಂಕ್ಚರ್ ಹಾಕಿಸಲು ಕಾದು ಕೂತಿದ್ದ ಹಿರಿಯರೊಬ್ಬರು ನನ್ನ ಪಕ್ಷ ವಹಿಸಿದರು. “ನಗೋದೆಂಥಕ್ಕೆ? ಬ್ರೇಕ್ ಇರೋದು ಒಳ್ಳೇದೇ. ಎದುರಿಂದ ಏನಾದ್ರೂ ಬಂದ್ರೆ?”

ನಾನು ನಯವಾಗಿ ಹೇಳಿದೆ, “ಅಜ್ಜಾ, ನಾನು ಹೋಗೋದು ಲಿಂಗನಮಕ್ಕಿ ಹಿನ್ನೀರಲ್ಲಿ. ಅಲ್ಲಿ ಎದುರಿಂದ ಬರೋದು ಎಂಥದಿದೆ?”

ಅವರು ಸ್ವಲ್ಪವೂ ಯೋಚಿಸಲಿಲ್ಲ. “ಡ್ಯಾಮು.”

೭. ದಾರಿ ಬಿಟ್ಟರು

ಹಿನ್ನೀರಿಗೆ ಇಳಿಸುವ ಮೊದಲು ಎಲ್ಲಾದರೂ ಸಣ್ಣದಾಗಿ ಪರೀಕ್ಷೆ ಮಾಡೋಣ ಎನಿಸಿತು. ಅರಳಸುರಳಿ ಕಡೆ ಒಂದು ಜಾಗ ಅಳೆಯುವ ಕೆಲಸವಿತ್ತು. ಅದನ್ನು ಮುಗಿಸಿ ತೀರ್ಥಹಳ್ಳಿಯಲ್ಲಿ ತುಂಗೆಗೆ ಇಳಿಯುವುದು ಎಂದು ದೋಣಿಯನ್ನು ಕಾರಿನ ತಲೆಯ ಮೇಲೆ ಬೋರಲು ಕಟ್ಟಿದೆ. ಶಾಲೆಗೆ ರಜೆಯಿದ್ದುದರಿಂದ ಹೆಂಡತಿಯೂ ಬಂದಳು, ನನ್ನ ಮೇಲೆ ಒಂದು ಕಣ್ಣಿರಲಿ ಎಂದು.

ಹೊಸನಗರ ದಾಟಿ ರಸ್ತೆ ಸ್ವಲ್ಪ ನೇರವಾಗಿ ಸಿಕ್ಕಿದ್ದೇ ತಡ, ಮೇಲಿಂದ ಒಂದು ಸದ್ದು ಶುರುವಾಯಿತು. ಮೊದಲು ಸಣ್ಣಗೆ, ದುಂಬಿ ಹಾರಿದ ಹಾಗೆ. ವೇಗ ಹೆಚ್ಚಿಸಿದರೆ ಊ… ಎಂದು ಏರಿತು, ಕಡಿಮೆ ಮಾಡಿದರೆ ಇಳಿಯಿತು. ನನ್ನ ಸ್ಕೆಗ್ಗು ಗೂಡಿನಲ್ಲಿ ಸಡಿಲವಾಗಿತ್ತು. ಗಾಳಿಗೆ ಅದು ನಡುಗುತ್ತಿತ್ತು, ಹದಿನೇಳು ಅಡಿಯ ಟೊಳ್ಳು ದೋಣಿ ತಂಬೂರಿಯಂತೆ ಆ ಸದ್ದನ್ನು ಹತ್ತು ಪಟ್ಟು ಮಾಡಿ ಹೊರಡಿಸುತ್ತಿತ್ತು. ನಮ್ಮ ರಸ್ತೆಗಳೋ ಏರಿಳಿತದವು, ತಿರುವಿನವು. ಹಾಗಾಗಿ ಊ… ಎಂದು ಏರುವುದು, ಇಳಿಯುವುದು, ಮತ್ತೆ ಏರುವುದು.

ಮುಂದಿದ್ದ ಬೈಕಿನವರು ಹಿಂತಿರುಗಿ ನೋಡಿ ಚರಂಡಿಯ ಅಂಚಿಗೆ ಸರಿದರು. ಜೀಪು ಬದಿಗೆ ನಿಂತಿತು. ಯಾವತ್ತೂ ಯಾರಿಗೂ ದಾರಿ ಬಿಡದ ಖಾಸಗಿ ಬಸ್ಸೊಂದು ಎಡಕ್ಕೆ ಸರಿಯಿತು, ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, “ಹೋಗಿ ಹೋಗಿ, ಬೇಗ ಹೋಗಿ!” ಎಂದು ಕೈ ಬೀಸಿದ. ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ್ದೇನೆ, ಇಷ್ಟು ಮರ್ಯಾದೆ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನಿಲ್ಲಿಸಿ ಸ್ಕೆಗ್ ಬಿಗಿ ಮಾಡುವ ಮನಸ್ಸೇ ಬರಲಿಲ್ಲ.

ಅರಳಸುರಳಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಅಂಗಡಿಯಲ್ಲಿದ್ದವರೆಲ್ಲ ಓಡಿ ಬಂದು ಕಾರನ್ನು ಸುತ್ತುವರಿದರು. ಒಬ್ಬರು ನೀರಿನ ಬಾಟಲಿಯನ್ನೂ ಹಿಡಿದಿದ್ದರು. ಹಿಂದಿನ ಸೀಟಿನೊಳಗೆ ಇಣುಕಿ, ಗಾಬರಿಯಿಂದ ಕೇಳಿದರು, “ಪೇಷೆಂಟ್ ಎಲ್ಲಿ?”

ಹೆಂಡತಿ ನನ್ನ ಕಡೆ ಕೈ ತೋರಿಸಿದಳು. “ಅವರೇ ಡ್ರೈವಿಂಗ್ ಮಾಡ್ತಿರೋದು.”

೮. ನೇರ

ತುಂಗೆಯಲ್ಲಿ ಪರೀಕ್ಷೆ ಚೆನ್ನಾಗಿಯೇ ಆಯಿತು. ನಗುವಂಥದ್ದು ಏನೂ ನಡೆಯದ ಕಾರಣ ಅದನ್ನು ಬಿಡುತ್ತೇನೆ. ಹಿನ್ನೀರಿನ ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ: ಮುಂದಿನ ಭಾನುವಾರ ನಾನು ಆಚೆ ದಡ ಮುಟ್ಟಿದೆ. ಭಾವ ಮೊಣಕಾಲುದ್ದ ನೀರಿಗಿಳಿದು ಬಂದು ದೋಣಿಯ ಮೂತಿ ಹಿಡಿದುಕೊಂಡರು. ಅದರ ಮೈಯನ್ನು ಒಮ್ಮೆ ಸವರಿ, “ಒಳ್ಳೇ ಕೆಲಸ ಮಾಡಿದೀರಿ ಭಾವ,” ಎಂದರು. ಎರಡು ವರ್ಷ ಯಾರ ಬಾಯಿಂದಲೂ ಕೇಳದ ಮಾತು. ನನಗೆ ಕಣ್ಣು ಮಂಜಾಯಿತು, ನೀರು ಹಾರಿದ್ದು ಎಂದೆ. ಆದರೆ ಹನ್ನೆರಡಕ್ಕೆ ಬರುತ್ತೇನೆ ಎಂದವನು ಒಂದೂವರೆಗೆ ಯಾಕೆ ಹೋದೆ ಎಂಬುದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಈಗ ಹೇಳುತ್ತೇನೆ.

ದಡ ಬಿಟ್ಟಾಗ ಗಾಳಿ ಎದುರಿನಿಂದ, ಸ್ವಲ್ಪ ಓರೆಯಾಗಿ ಬರುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮೂತಿ ಹಳೆಯ ಚಾಳಿಯಂತೆ ತಿರುಗಲು ನೋಡಿತು. ಹಿಡಿಕೆ ಸಡಿಲಿಸಿ ಸ್ಕೆಗ್ ಇಳಿಸಿದೆ. ದೋಣಿಗೆ ಒಂದು ಸಣ್ಣ ಜರ್ಕು ಹೊಡೆಯಿತು. ಆಮೇಲೆ ಪವಾಡ. ಮೂತಿ ಅತ್ತಿತ್ತ ಒಂದಿಷ್ಟೂ ಅಲುಗಲಿಲ್ಲ. ಆಚೆ ದಡದಲ್ಲಿ ಭಾವನ ಊರಿನ ಗುಡ್ಡವಿದೆ, ಅದರ ನೆತ್ತಿಗೆ ದಾರ ಎಳೆದು ಕಟ್ಟಿದಂತೆ ದೋಣಿ ನೇರವಾಗಿ ನಿಂತಿತು. ನಾನು ಹುಟ್ಟು ಹಾಕುತ್ತಿದ್ದೆ. ಎದುರು ಗಾಳಿಗೆ ಅಲೆಗಳು ದೋಣಿಯ ಎರಡೂ ಬದಿಯಲ್ಲಿ ಸೊಂಯ್ ಎಂದು ಹಿಂದಕ್ಕೆ ಓಡುತ್ತಿದ್ದವು. ಎಂಥ ವೇಗ! ಮುಖಕ್ಕೆ ಗಾಳಿ, ಕೆನ್ನೆಗೆ ನೀರಿನ ಹನಿ. ಇದನ್ನು ಮಾಡಿದ್ದು ನಾನು, ಈ ಕೈಗಳು ಎಂದು ಒಂದು ಕ್ಷಣ ಕಣ್ಣು ಮುಚ್ಚಿದೆ. ಆಮೇಲೆ ತಡೆಯಲಾಗದೆ ಹಾಡಲು ಶುರು ಮಾಡಿದೆ. ನನ್ನ ಹಾಡು ಮನೆಯಲ್ಲಿ ನಿಷಿದ್ಧ. ನಟ್ಟನಡು ನೀರಿನಲ್ಲಿ ಯಾರು ಕೇಳುತ್ತಾರೆ?

ಸುಮಾರು ಮುಕ್ಕಾಲು ಗಂಟೆ ಹೀಗೇ ಹೋಯಿತು. ಕುತ್ತಿಗೆಗೆ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಚೀಲದೊಳಗೆ ಫೋನು ಬಡಿದುಕೊಂಡಿತು. ಹೆಂಡತಿ.

“ರೀ, ಯಾಕೆ ನಿಂತಿದೀರಿ?”

“ನಿಂತಿಲ್ಲ ಮಾರಾಯ್ತಿ! ಹೋಗ್ತಾ ಇದೀನಿ. ನೋಡು, ಎಷ್ಟು ನೇರ! ಕಾಣ್ತಾ ಇಲ್ವಾ ನಿಂಗೆ?”

“ಕಾಣ್ತಾ ಇದೆ. ಅದಕ್ಕೇ ಕೇಳಿದ್ದು.”

ದೂರದಿಂದ ನೋಡುವವರಿಗೆ ವೇಗ ಗೊತ್ತಾಗುವುದಿಲ್ಲ ಎಂದು ತಿಳಿಹೇಳಲು ಬಾಯಿ ತೆರೆದೆ. ಹಾಗೇ ಹೆಮ್ಮೆಯಿಂದ ಬಂದ ದಾರಿಯನ್ನು ನೋಡೋಣ ಎಂದು ಹಿಂತಿರುಗಿದೆ. ಬೆನ್ನ ಹಿಂದೆ ಐದಾರು ಮಾರು ದೂರದಲ್ಲಿ ಒಂದು ತೆಪ್ಪ. ಅದರಲ್ಲಿ ಮೀನು ಹಿಡಿಯುವವನೊಬ್ಬ ಮೊಣಕಾಲು ತಬ್ಬಿಕೊಂಡು, ಬೀಡಿ ಸೇದುತ್ತಾ, ಸಿನಿಮಾ ನೋಡುವವರ ಹಾಗೆ ನನ್ನನ್ನು ನೋಡುತ್ತಾ ಕೂತಿದ್ದ. ಅವನ ತೆಪ್ಪದಿಂದ ನನ್ನ ದೋಣಿಯ ಬಾಲದವರೆಗೆ ನೀರಿನ ಮೇಲೆ ಬಿಳಿ ಬೆಂಡಿನ ಸಾಲು. ಬಲೆ. ಅದರ ಎರಡು ತುದಿಯನ್ನೂ ಮುಳುಗಡೆಯಾದ ಮರಗಳ ಬೊಡ್ಡೆಗೆ ಕಟ್ಟಿತ್ತು. ನಾನು ಇಳಿಸಿದ ಸ್ಕೆಗ್ಗು ನೇರವಾಗಿ ಹೋಗಿ ಅದರೊಳಗೆ ಕೊಕ್ಕೆಯಂತೆ ಸಿಕ್ಕಿಕೊಂಡಿತ್ತು. ಮುಕ್ಕಾಲು ಗಂಟೆಯಿಂದ ನಾನು ಹೋದದ್ದು ಎಲ್ಲಿಗೂ ಇಲ್ಲ. ಓಡುತ್ತಿದ್ದದ್ದು ಅಲೆಗಳು ಮಾತ್ರ.

ಹಿಡಿಕೆ ಎಳೆದೆ. ಸ್ಕೆಗ್ ಮೇಲೆ ಬರಲಿಲ್ಲ.

“ನೀನು ಯಾವಾಗ ಬಂದೆ?” ಎಂದು ತೆಪ್ಪದವನನ್ನು ಕೇಳಿದೆ. ನನ್ನ ದನಿ ನನಗೇ ಕೇಳಲಿಲ್ಲ.

“ನೀವು ಹಾಡು ಶುರು ಮಾಡಿದ್ರಲ್ಲ, ಆಗ.”

“ಆಗಲೇ ಹೇಳ್ಬಾರ್ದಿತ್ತಾ ಮಾರಾಯಾ?”

“ಹೇಳೋಣ ಅಂತಾನೇ ಬಂದೆ ಸಾರ್,” ಎಂದು ಅವನು ಬೀಡಿಯನ್ನು ನೀರಿಗೆ ಅದ್ದಿ ಆರಿಸಿದ. “ಆದ್ರೆ ನೀವು ಅಷ್ಟು ಖುಷೀಲಿದ್ರಿ. ಮನುಷ್ಯರು ಅಷ್ಟು ಖುಷೀಲಿರೋದು ಕಾಣೋಕೆ ಸಿಗಲ್ಲ. ಮುಗೀಲಿ ಅಂತ ಕೂತೆ.”

ತೆಪ್ಪವನ್ನು ಹತ್ತಿರ ತಂದು, ತೋಳು ಮುಳುಗುವಷ್ಟು ಬಗ್ಗಿ, ಸ್ಕೆಗ್ಗಿಗೆ ಸುತ್ತಿದ್ದ ದಾರಗಳನ್ನು ಒಂದೊಂದಾಗಿ ನಿಧಾನವಾಗಿ ಬಿಡಿಸತೊಡಗಿದ. ನನಗೆ ನಾಚಿಕೆಯಿಂದ ಎತ್ತ ನೋಡಬೇಕೋ ತಿಳಿಯಲಿಲ್ಲ. “ನಿನ್ನ ಬಲೆ ಏನಾದ್ರೂ ಹರೀತಾ?” ಎಂದೆ.

“ಬಲೆಗೆ ಏನಾಗಿಲ್ಲ.”

“ಮೀನಾದ್ರೂ ಬಿದ್ದಿತ್ತಾ? ನನ್ನಿಂದ ಹಾಳಾಯ್ತೋ ಏನೋ.”

“ಬೆಳಗಿಂದ ಬಿದ್ದಿದ್ದು ನೀವೊಬ್ರೇ.”

ಕೊನೆಯ ದಾರ ಬಿಡಿಸಿ, ನನ್ನನ್ನು ಕಿತ್ತಳೆ ಜಾಕೆಟ್ಟಿನಿಂದ ಮಂಜಾದ ಕನ್ನಡಕದವರೆಗೆ ಒಮ್ಮೆ ಪರೀಕ್ಷೆ ಮಾಡುವ ಹಾಗೆ ನೋಡಿ, ದೋಣಿಯ ಬಾಲಕ್ಕೆ ಕೈ ಕೊಟ್ಟು ಮುಂದಕ್ಕೆ ತಳ್ಳಿದ.

“ಉಪಯೋಗಕ್ಕೆ ಬರದೇ ಇರೋದು ಬಿದ್ರೆ ನಾವು ವಾಪಸ್ ನೀರಿಗೇ ಬಿಡೋದು ಸಾರ್. ಹೋಗಿ.”